ಹೊಯಿ ಆನ್‌ನಲ್ಲಿ ಸಿಕ್ಕ ಒತ್ತು ಶಾವಿಗೆ

ಅವ್ವ ಸೋಮವಾರ ಮಾಂಸ ಮುಟ್ಟುವುದಿಲ್ಲ. ಮಂಡ್ಯದ ಮನೆಯಲ್ಲಿ ಅದೊಂದು ದೊಡ್ಡ ವಿಷಯವಲ್ಲ. ಸೊಪ್ಪಿನ ಬಸ್ಸಾರು, ಮುದ್ದೆ ಮಾಡಿದರೆ ಆಯಿತು. ವಿಯೆಟ್ನಾಂ ಪ್ರವಾಸದ ಮೂರನೆಯ ದಿನಕ್ಕೆ ಸೋಮವಾರ ಬಂದಾಗ ಮಾತ್ರ ನನಗೆ ದಿಗಿಲಾಯಿತು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ನುಒಕ್ ಮಾಮ್ ಬೀಳುತ್ತದೆ. ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕಳಿಯಲು ಬಿಟ್ಟು ಇಳಿಸಿದ ರಸ ಅದು.

ಬೆಳಿಗ್ಗೆ ಮಿ ಸಾನ್‌ಗೆ ಹೋಗಿದ್ದೆವು. 4ನೆಯ ಶತಮಾನದಿಂದ 13ನೆಯ ಶತಮಾನದವರೆಗೆ ಚಂಪಾ ಅರಸರು ಕಟ್ಟಿಸಿದ ಇಟ್ಟಿಗೆಯ ಗುಡಿಗಳು, ಹೆಚ್ಚಿನವು ಶಿವನವು. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ಎಷ್ಟೋ ಗುಡಿಗಳು ಉರುಳಿವೆ. ಬಯಲಿನಲ್ಲಿ ನಿಂತ ಒಂದು ಲಿಂಗದ ಮುಂದೆ ಅವ್ವ ಚಪ್ಪಲಿ ಬಿಟ್ಟು ಕೈಮುಗಿದಳು. "ಸೋಮವಾರ ಒಂದು ಹೂವೂ ಇಲ್ಲವಲ್ಲವ್ವ" ಎಂದಳು. ಆ ಮಾತು ಕೇಳಿದ ಮೇಲೆ, ಸಂಜೆ ಏನೋ ಒಂದು ತಿನ್ನಿಸಿಬಿಡೋಣ ಎನ್ನಲು ನನಗೆ ಮನಸ್ಸು ಬರಲಿಲ್ಲ.

'ಚಾಯ್' ಎಂಬ ಪದವನ್ನು ಮಗ ಮೊಬೈಲಿನಲ್ಲಿ ಹುಡುಕಿಟ್ಟಿದ್ದ. ಮಾಂಸ, ಮೀನು ಇಲ್ಲದ ಊಟ ಎಂದರ್ಥ. ಹೊಯಿ ಆನ್‌ನ ಹಳೆಯ ಪೇಟೆಯ ಓಣಿಯೊಂದರಲ್ಲಿ ಆ ಪದದ ಫಲಕ ಕಂಡಿತು. ಒಳಗೆ ಕೂರಲು ಜಾಗವಿರಲಿಲ್ಲ, ಎಲ್ಲರೂ ಊರಿನವರೇ. ಮೊಬೈಲಿನ ಅನುವಾದದಲ್ಲಿ ಒಡತಿ ಕಾರಣ ಹೇಳಿದರು: ಅಂದು ಹುಣ್ಣಿಮೆ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಅಲ್ಲಿ ಬಹಳ ಜನ ಚಾಯ್ ಉಣ್ಣುತ್ತಾರೆ. "ಇವರೂ ಹುಣ್ಣಿಮೆ ಹಿಡಿಯುತ್ತಾರೆ" ಎಂದು ಅವ್ವ ಹೊಸ್ತಿಲ ಬಳಿಯೇ ಗಟ್ಟಿಯಾಗಿ ನಿಂತಳು. ಇನ್ನು ಬೇರೆ ಹೋಟೆಲಿನ ಮಾತೇ ಇರಲಿಲ್ಲ.

ಒಡತಿ ಅವ್ವನನ್ನು "ಬಾ" ಎಂದರು. ಅವರ ಮಾತಿನಲ್ಲಿ ಬಾ ಎಂದರೆ ಅಜ್ಜಿ. ಅವ್ವ ಕನ್ನಡದ 'ಬಾ' ಎಂದುಕೊಂಡು ಅವರ ಹಿಂದೆಯೇ ಅಡುಗೆಮನೆಗೆ ನಡೆದಳು. ಆ ತಾಯಿ ಬೇಡ ಎನ್ನದೆ ಒಲೆಯ ಪಕ್ಕ ಜಾಗ ಮಾಡಿಕೊಟ್ಟರು.

ಒಲೆಯ ಮೇಲೆ ಬಾನ್ ಸೆಯೊ ಹುಯ್ಯುತ್ತಿದ್ದರು. ಅಕ್ಕಿ ಹಿಟ್ಟು, ಅರಿಸಿನ, ನೀರು. ನಮ್ಮ ನೀರುದೋಸೆಗಿಂತ ಕೊಂಚ ದಪ್ಪ. ಕಾದ ಬಾಣಲೆಗೆ ಬಿದ್ದೊಡನೆ ಸುಯ್ ಎನ್ನುವ ಆ ಸದ್ದಿಗೇ ಅವರ ಭಾಷೆಯಲ್ಲಿ 'ಸೆಯೊ' ಎನ್ನುತ್ತಾರೆ. ಮೇಲೆ ಅಣಬೆ, ಮೊಳಕೆಕಾಳು ಹರಡಿ, ಅಂಚು ಕೆಂಪಾಗುತ್ತಲೇ ಅರ್ಧಕ್ಕೆ ಮಡಚಿದರು. ಅದನ್ನು ಹಾಗೆಯೇ ತಿನ್ನುವಂತಿಲ್ಲ. ಮುರಿದು, ಪುದೀನ ಮತ್ತಿತರ ಹಸಿ ಸೊಪ್ಪಿನ ಜೊತೆ ತೆಳ್ಳನೆಯ ಅಕ್ಕಿ ಹಾಳೆಯಲ್ಲಿ ಸುತ್ತಿ, ಕಡಲೆಕಾಯಿ ಗೊಜ್ಜಿಗೆ ಅದ್ದಬೇಕು. ಹೊರಗೆ ಗರಿಗರಿ, ಒಳಗೆ ಹಸಿ ಸೊಪ್ಪಿನ ತಂಪು. ನಾನು ನಾಲ್ಕು ತಿಂದೆ.

ಆಮೇಲೆ ಬಂದದ್ದು ಬುನ್. ಬಟ್ಟಲಿನಲ್ಲಿ ಬೆಳ್ಳಗಿನ ಎಳೆಗಳು, ಹುರಿದ ತೋಫು, ಪುಡಿ ಮಾಡಿದ ಕಡಲೆಕಾಯಿ, ನಿಂಬೆ. ಅವ್ವ ಒಂದು ಎಳೆಯನ್ನು ಬೆರಳಿನಿಂದ ಎತ್ತಿ ನೋಡಿದಳು, ಕಚ್ಚಿ ನೋಡಿದಳು. "ನೋಡವ್ವ, ಇದು ನಮ್ಮ ಒತ್ತು ಶಾವಿಗೆ." ಕಾಯಿಹಾಲಿಲ್ಲದೆ ಶಾವಿಗೆ ಉಂಡವಳಲ್ಲ ಅವಳು, ಅಂದು ಬಟ್ಟಲು ಬರಿದು ಮಾಡಿದಳು.

ಒತ್ತುವುದು ಹೇಗೆ ಎಂದು ಎರಡೂ ಕೈ ಜೋಡಿಸಿ ಅದುಮಿ ತೋರಿಸಿ ಕೇಳಿದಳು. ಒಡತಿ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ನೆನೆದು ಹುಳಿ ಬಂದ ಅಕ್ಕಿಯ ಹಿಟ್ಟು ಅಚ್ಚಿನ ತೂತುಗಳಿಂದ ನೇರವಾಗಿ ಕುದಿಯುವ ನೀರಿಗೆ ಇಳಿಯುತ್ತಿತ್ತು. ಅವ್ವ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು. "ನಾವು ಬೇಯಿಸಿ ಒತ್ತುತ್ತೇವೆ. ಇವರು ಒತ್ತಿ ಬೇಯಿಸುತ್ತಾರೆ." ತು ಬೊನ್ ನದಿಯ ದಂಡೆಯಲ್ಲಿ ಕಾಗದದ ದೀಪಗಳನ್ನು ತೇಲಿ ಬಿಡುತ್ತಿದ್ದಾಗಲೂ ಅವಳ ಮಾತು ಅದೇ: ಹಿಟ್ಟು ಎಷ್ಟು ಗಟ್ಟಿ ಇರಬೇಕು, ಎಷ್ಟು ದಿನ ಹುಳಿ ಬರಿಸಬೇಕು.

ಮಂಡ್ಯಕ್ಕೆ ಮರಳಿದ ವಾರವೇ ಶಾವಿಗೆ ಒರಳು ಅಟ್ಟದಿಂದ ಇಳಿಯಿತು. ಮೊದಲ ಸಲ ಎಳೆಗಳೆಲ್ಲ ನೀರಿನಲ್ಲಿ ಕರಗಿ ಗಂಜಿಯಾಯಿತು. ಈ ಸಲ ಅಕ್ಕಿಯನ್ನು ಎರಡು ದಿನ ಹೆಚ್ಚು ನೆನೆಸಿದ್ದಾಳೆ. ನಾಳೆ ಭಾನುವಾರ, ಬೆಳಿಗ್ಗೆಯೇ ಒತ್ತುತ್ತಾಳಂತೆ. ಒರಳು ಹಿಡಿಯಲು ಮಗ, ನೀರು ಕುದಿಸಲು ನಾನು.