ನಾಳೆ ಬನ್ನಿ

18 ನವೆಂಬರ್ 2025, ಮಂಗಳವಾರ
ಮೈಸೂರು, ರಾತ್ರಿ 9.40

ಇವತ್ತು ಒಬ್ಬ ಒಳ್ಳೆಯ ಹುಡುಗನನ್ನು ಬಿಸಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸಿದೆ. ಒಳ್ಳೆಯವನು ಅಂತ ಗೊತ್ತಾಗಿದ್ದು ಅವನು ಹೋದ ಮೇಲೆ.

ಬೆಳಿಗ್ಗೆ ಹನ್ನೊಂದರ ಸುಮಾರು. ಈ ವರ್ಷದ ಮೊದಲ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸೊಗಡು ಇನ್ನೂ ಬಂದಿಲ್ಲ, ಚಳಿ ಸಾಲದು. ಬೆಲ್ ಆಯಿತು. ಬಾಗಿಲಲ್ಲಿರುವ ಪುಟ್ಟ ಗಾಜಿನ ಕಣ್ಣಲ್ಲಿ ನೋಡಿದರೆ ನೀಲಿ ಶರ್ಟು, ಕೊರಳಲ್ಲಿ ಕಾರ್ಡು, ಹೆಗಲಲ್ಲಿ ಒಂದು ಬ್ಯಾಗು. ಆ ಗಾಜಿನಲ್ಲಿ ಎಲ್ಲರ ಮೂಗೂ ದಪ್ಪ, ಎಲ್ಲರೂ ಕಳ್ಳರೇ. ನನ್ನ ಮಗಳೂ ಅದರಲ್ಲಿ ಹಾಗೇ ಕಾಣುತ್ತಾಳೆ.

ಮರದ ಬಾಗಿಲು ತೆಗೆದೆ, ಗ್ರಿಲ್ ತೆಗೆಯಲಿಲ್ಲ.

"ಗ್ಯಾಸ್ ಚೆಕಿಂಗ್ ಅಮ್ಮ. ಐದು ವರ್ಷಕ್ಕೊಂದ್ಸಲ ಮಾಡ್ಲೇಬೇಕು. ಪೈಪ್ ಹಳೇದಾಗಿದ್ರೆ ಬದಲಾಯಿಸ್ಬೇಕು."

ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇರುವುದು ನಿಜ. ಆದರೆ ಮೋಸ ಮಾಡಲು ಬರುವವನೂ ಅಕ್ಷರ ತಪ್ಪದೆ ಇದನ್ನೇ ಹೇಳುತ್ತಾನೆ. ಕಾರ್ಡಂತೂ ಯಾವ ಝೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಸಬಹುದು. ಗೇಟಿನವರು ಇಂಟರ್‌ಕಾಮ್‌ನಲ್ಲಿ ನನ್ನನ್ನು ಕೇಳದೆ ಒಳಗೆ ಬಿಟ್ಟಿದ್ದು ಬೇರೆ ಸಿಟ್ಟು. ಆಮೇಲೆ ಗೊತ್ತಾಯಿತು, ಅವರು ಕರೆ ಮಾಡಿದ್ದರು, ನಾನು ಸ್ನಾನದ ಮನೆಯಲ್ಲಿದ್ದೆ.

"ನಾಳೆ ಬನ್ನಿ," ಅಂದೆ.

"ಐದೇ ನಿಮಿಷದ ಕೆಲಸ ಅಮ್ಮ."

"ನಾಳೆ ಬನ್ನಿ, ಹತ್ತೂವರೆಗೆ."

ಕುಡಿಯಲು ನೀರು ಕೇಳಿದ. ಬಾಟಲನ್ನು ಗ್ರಿಲ್ ಸಂದಿಯಲ್ಲಿ ತೂರಿಸಿ ಕೊಟ್ಟೆ. ಅಡ್ಡಡ್ಡ ಸಿಕ್ಕಿಕೊಂಡಿತು. ಅವನೇ ಆ ಕಡೆಯಿಂದ ತಿರುಗಿಸಿ ಎಳೆದುಕೊಂಡ. ಗಟಗಟ ಕುಡಿದು, ಮುಚ್ಚಳ ಹಾಕಿ, ಮತ್ತೆ ಅದೇ ಸಂದಿಯಲ್ಲಿ ವಾಪಸ್ ಕೊಟ್ಟ. ಮೃಗಾಲಯದಲ್ಲಿ ಒಳಗಿರುವವರು ಯಾರು, ಹೊರಗಿರುವವರು ಯಾರು ಅಂತ ಒಂದು ಕ್ಷಣ ಅನ್ನಿಸಿತು.

ಅವನು ಹೋದ ಮೇಲೆ ಏಜೆನ್ಸಿಗೆ ಫೋನ್ ಮಾಡಿದೆ. ಅವನು ಕೊಟ್ಟ ನಂಬರಿಗಲ್ಲ, ಗ್ಯಾಸ್ ಪುಸ್ತಕದಲ್ಲಿರುವ ನಂಬರಿಗೆ. ಇದು ಮಗಳು ಕಲಿಸಿದ್ದು: ಬಂದವನು ಕೊಡುವ ನಂಬರಿಗೆ ಫೋನ್ ಮಾಡಿದರೆ ಎತ್ತುವವನು ಅವನ ತಮ್ಮನೇ ಆಗಿರುತ್ತಾನೆ. ಏಜೆನ್ಸಿಯವರು, "ಹೌದು ಮೇಡಂ, ನಮ್ಮ ಹುಡುಗನೇ. ಇವತ್ತು ನಿಮ್ಮ ಸಾಲಿನ ಮನೆಗಳು," ಅಂದರು. ಅವರೆಕಾಳಿನ ಮುಂದೆ ಮತ್ತೆ ಹೋಗಿ ಕೂತೆ. ಕೈ ಓಡಲಿಲ್ಲ.

ನಾನು ಯಾವತ್ತೂ ಹೀಗಿರಲಿಲ್ಲ. ಹೀಗಾಗಿದ್ದು 2018ರಲ್ಲಿ. ಈ ಕಥೆಯನ್ನು ಇಲ್ಲಿ ಬರೆದಿಲ್ಲ, ನಾಚಿಕೆ. ಇವತ್ತು ಬರೆದುಬಿಡುತ್ತೇನೆ.

ನಾವಾಗ ಸರಸ್ವತಿಪುರಂನಲ್ಲಿದ್ದೆವು. ನಾವು ಅಂತ ಬರೆಯುವುದು ಅಭ್ಯಾಸ. ಇವರು ಹೋಗಿ ಆಗಲೇ ಎರಡು ತಿಂಗಳಾಗಿತ್ತು. ಮಧ್ಯಾಹ್ನ ಇಬ್ಬರು ಹುಡುಗರು ಬಂದರು. ಹಿತ್ತಾಳೆ ಪಾತ್ರೆ ತೊಳೆಯುವ ಪುಡಿಯ ಪ್ರಚಾರ ಅಂತೆ, ಫ್ರೀ ಅಂತೆ. ನನ್ನ ದೇವರ ಮನೆಯ ದೀಪವನ್ನು ಫಳಫಳ ಮಾಡಿಕೊಟ್ಟರು. ಆಮೇಲೆ ಬೆಳ್ಳಿ ಕುಂಕುಮದ ಬಟ್ಟಲು. ಒಬ್ಬನು ಗೋಡೆಯ ಮೇಲಿನ ಫೋಟೋ ನೋಡಿ, "ಯಜಮಾನ್ರಾ ಅಮ್ಮ? ಪಾಪ, ಎಷ್ಟು ವಯಸ್ಸಾಗಿತ್ತು?" ಅಂತ ಕೇಳಿದ. ಅಷ್ಟು ಹೊತ್ತಿಗಾಗಲೇ ನಾನು ಕಾಫಿಗೆ ಹಾಲಿಟ್ಟಿದ್ದೆ. ಬಂದು ಮಾತಾಡಿಸುವವರು ಕಡಿಮೆಯಾಗಿದ್ದ ದಿನಗಳು ಅವು.

ಆಮೇಲೆ ಬಳೆ. ನಾನೇ ಕಳಚಿ ಕೊಟ್ಟೆ.

ನಾನು ಸ್ಟೀಲ್ ಬಟ್ಟಲು ತಂದುಕೊಟ್ಟರೆ, "ಬೇಡಮ್ಮ, ನಮ್ಮದೇ ಡಬ್ಬಿ ಇದೆ," ಅಂತ ಪ್ಲಾಸ್ಟಿಕ್ ಡಬ್ಬಿ ತೆಗೆದ. ಅದರೊಳಗೆ ಏನೋ ನೀರು, ಅದಕ್ಕೆ ಒಂದು ಚಮಚ ಅರಿಶಿನ. ಬಳೆ ಹಾಕಿದ. ವಾಸನೆ ಬಂತು. ಆ ವಾಸನೆ ನನಗೆ ಗೊತ್ತು. 31 ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದ್ದೇನೆ. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲ. ಒಂದೊಂದೇ ಆದರೆ ಚಿನ್ನವನ್ನು ಏನೂ ಮಾಡಲಾಗದ ಎರಡು ಆಮ್ಲಗಳು, ಸೇರಿದರೆ ಅದನ್ನೇ ಕರಗಿಸುತ್ತವೆ. ಪ್ರತಿ ವರ್ಷ ಹುಡುಗರಿಗೆ ಬಹಳ ಖುಷಿಯ ಪಾಠ ಅದು. ಸ್ಟೀಲ್ ಬಟ್ಟಲು ಯಾಕೆ ಬೇಡ ಅಂದ? ಸ್ಟೀಲನ್ನೂ ತಿನ್ನುತ್ತೆ, ಅದಕ್ಕೆ. ಅರಿಶಿನ ಯಾಕೆ? ಆಮ್ಲದ ಹಳದಿ ಬಣ್ಣ ಮುಚ್ಚಲು. ಸುಣ್ಣ ಬಿದ್ದರೆ ಅರಿಶಿನ ಕೆಂಪಗಾಗುತ್ತೆ, ಆರತಿ ನೀರಿನ ಹಾಗೆ. ಆಮ್ಲದಲ್ಲಿ ಹಳದಿಯಾಗೇ ಇರುತ್ತೆ. ಇದನ್ನೂ ನಾನೇ ಹೇಳಿಕೊಡುತ್ತಿದ್ದೆ.

ಮೂಗಿಗೆ ಗೊತ್ತಾಯಿತು. ಬಾಯಿಗೆ ಬರಲಿಲ್ಲ.

ಯಾಕೆ ಅಂತ ಏಳು ವರ್ಷದಿಂದ ಯೋಚಿಸಿದ್ದೇನೆ. ಹೆದರಿಕೆ ಅಲ್ಲ. ದಡ್ಡತನವೂ ಅಲ್ಲ. ದಾಕ್ಷಿಣ್ಯ. ಆ ಹುಡುಗ ಇವರ ಬಗ್ಗೆ ಕೇಳಿದ್ದ, ನನ್ನ ಕಾಫಿ ಕುಡಿದಿದ್ದ. ಅವನೆದುರಿಗೆ "ಇದು ಆಸಿಡ್ ಅಲ್ವಾ?" ಅಂದರೆ ಅವನನ್ನು ಕಳ್ಳ ಅಂದ ಹಾಗೆ. ಮನೆಗೆ ಬಂದವರಿಗೆ ಹಾಗನ್ನುವುದು ಹೇಗೆ? ನಮ್ಮಜ್ಜಿ ಹೇಳುತ್ತಿದ್ದಳು, ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತ. ಗಾದೆ ಗೊತ್ತಿದ್ದೂ ಆದೆ.

ಹತ್ತಿಯಲ್ಲಿ ಸುತ್ತಿದ ಬಳೆಗಳನ್ನು ಅರಿಶಿನದ ನೀರಿನಲ್ಲಿ ಮುಳುಗಿಸಿಟ್ಟು, ಹದಿನೈದು ನಿಮಿಷ ಬಿಟ್ಟು ತೆಗೆಯಿರಿ ಅಂತ ಹೇಳಿ ಹೋದರು. ತೆಗೆದೆ. ಫಳಫಳ ಅನ್ನುತ್ತಿದ್ದವು. ಮಾರನೇ ದಿನ ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ತೂಕ ಹಾಕಿಸಿದೆ. 32 ಗ್ರಾಂ ಇದ್ದದ್ದು 27 ಆಗಿತ್ತು. ಅಂಗಡಿಯವರು ತಕ್ಕಡಿ ನೋಡಿದರು, ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಅವರಿಗೆ ಇದು ಹೊಸದಲ್ಲ. ಪೊಲೀಸರ ಹತ್ತಿರ ಹೋಗಲಿಲ್ಲ. ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದರೆ ಏನು ಹೇಳಲಿ?

ಮುಂದಿನ ವರ್ಷವೇ ಮಗಳು ಹಟ ಹಿಡಿದು ಬೋಗಾದಿ ಕಡೆಯ ಈ ಹಿರಿಯರ ಕಾಲೊನಿಗೆ ತಂದು ಬಿಟ್ಟಳು. ಕಾಂಪೌಂಡು, ಗೇಟು, ಕ್ಯಾಮೆರಾ, ರಾತ್ರಿ ಸೀಟಿ ಊದುವ ಗಾರ್ಡು. ಎಲ್ಲ ಇದೆ. ನಾನು ಮಾತ್ರ ಪೂರ್ತಿ ಅನುಮಾನದ ಕಡೆಗೆ ವಾಲಿದ್ದೇನೆ. ಈ ವರ್ಷ 'ಮನೆ ಮನೆಗೆ ಪೊಲೀಸ್' ಶುರುವಾಗಿ ಬೀಟಿನ ಪೊಲೀಸರು ನಂಬರ್ ಕೊಡಲು ಬಂದಾಗ, ಅವರನ್ನೂ ಹೊರಗೆ ನಿಲ್ಲಿಸಿ ಸ್ಟೇಷನ್‌ಗೆ ಫೋನ್ ಮಾಡಿ ಕೇಳಿದ್ದೆ. "ಸರಿಯಾಗೇ ಮಾಡಿದ್ರಿ ಬಿಡಿ ಅಮ್ಮ," ಅಂತ ನಕ್ಕರು. ನಗು ಹೊಗಳಿಕೆಯದೋ ಗೇಲಿಯದೋ ಗೊತ್ತಾಗಲಿಲ್ಲ.

"ನಾಳೆ ಬನ್ನಿ" ಅನ್ನುವುದು ಮಾತ್ರ ನನ್ನದಲ್ಲ, ನಮ್ಮತ್ತೆಯದು.

ತೊಂಬತ್ತರ ದಶಕ. ಮಂಡ್ಯದಲ್ಲಿ ಮನೆ ಮಾಡಿದ್ದೆವು. ಊರೂರಲ್ಲಿ ಬಾಗಿಲ ಮೇಲೆ "ನಾಳೆ ಬಾ" ಬರೆಯುತ್ತಿದ್ದ ಕಾಲ, ನಿಮಗೂ ನೆನಪಿರಬಹುದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕೂಗುತ್ತೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ "ನಾಳೆ ಬಾ" ಅಂತಿದ್ದರೆ ಓದಿಕೊಂಡು ಹೋಗುತ್ತೆ. ಮಾರನೇ ದಿನ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ನಮ್ಮತ್ತೆ ನನ್ನ ಕಾಲೇಜಿನ ಸೀಮೆಸುಣ್ಣವನ್ನೇ ತೆಗೆದುಕೊಂಡು ಬರೆದಿದ್ದರು. ನಾನು ನಕ್ಕೆ. "ದೆವ್ವಕ್ಕೆ ಓದು ಬರುತ್ತಾ ಅತ್ತೆ?" ಅಂದೆ. ಅವರು ಬರೆಯುವುದು ಬಿಡಲಿಲ್ಲ. "ನಗು. ನಿನ್ ಸೈನ್ಸು ರಾತ್ರಿ ಬಂದು ಬಾಗ್ಲು ಕಾಯ್ತದಾ?" ಅಂದರು.

ಈಗ ಅನ್ನಿಸುತ್ತೆ, ಅವರ ಮಾತಿನಲ್ಲಿ ಬಹಳ ಲೆಕ್ಕವಿತ್ತು. "ಬರಬೇಡ" ಅಂತ ಬರೆಯಲಿಲ್ಲ ನೋಡಿ. ದೆವ್ವಕ್ಕೂ ದಾಕ್ಷಿಣ್ಯ! ಇಲ್ಲ ಅನ್ನಲು ಬಾರದವರು ಹೇಳಬಹುದಾದ ಮಾತು ಅದೊಂದೇ. ಮೋಸಗಾರನಿಗೆ ತಡೆದುಕೊಳ್ಳಲಾಗದ ಮಾತೂ ಅದೇ. ಅವನಿಗೆ ಎಲ್ಲವೂ ಈಗಲೇ ಆಗಬೇಕು. ಪುಡಿ ಇವತ್ತೇ ಫ್ರೀ, ಕರೆಂಟು ಇವತ್ತು ರಾತ್ರಿಯೇ ಕಟ್, ಮೊಮ್ಮಗ ಈಗಲೇ ಸ್ಟೇಷನ್‌ನಲ್ಲಿ.

ಸಾಯಂಕಾಲ ಐದಕ್ಕೆ ಕಾಲೊನಿಯ ಸಭೆ ಇತ್ತು. ವಿಷಯ: ಭದ್ರತೆ. ಇನ್ನೊಂದು ಕ್ಯಾಮೆರಾ ಬೇಕಾ, ಸೊಪ್ಪಿನವಳನ್ನು ಒಳಗೆ ಬಿಡಬೇಕಾ, ಡೆಲಿವರಿ ಹುಡುಗರ ಫೋಟೋ ತೆಗೆಯಬೇಕಾ. ಅರ್ಧ ಗಂಟೆ ಸೊಪ್ಪಿನವಳ ಮೇಲೇ ಹೋಯಿತು. ಪಾಪ, ಆರು ವರ್ಷದಿಂದ ಒಂದು ಕಟ್ಟು ದಂಟಿನ ಸೊಪ್ಪೂ ಹೆಚ್ಚಿಗೆ ಎಣಿಸದವಳು.

ಆಗ ಎದುರು ಮನೆಯ ಮ್ಯಾನೇಜರ್ ಎದ್ದು ನಿಂತರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ ಅಂತ ಹೋದ ವರ್ಷ ಅಕ್ಟೋಬರ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೇಳಿದರಲ್ಲ, ಅದನ್ನು ನಮ್ಮೆಲ್ಲರಿಗೂ ಮೂರು ಮೂರು ಸಲ ಫಾರ್ವರ್ಡ್ ಮಾಡಿದವರೂ ಇವರೇ.

"ನಾನೇ ಸಿಕ್ಕಿಹಾಕ್ಕೊಂಡಿದ್ದೆ, ಜೂನ್‌ನಲ್ಲಿ," ಅಂದರು.

ಸೊಪ್ಪಿನ ವಿಷಯ ಅಲ್ಲಿಗೇ ನಿಂತಿತು.

ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಅಂತ ಫೋನು. ಆಮೇಲೆ ವಿಡಿಯೋದಲ್ಲಿ ಖಾಕಿ ಹಾಕಿದವನೊಬ್ಬ, ಹಿಂದೆ ಬಾವುಟ. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಹೆಂಡತಿ ಮಗಳ ಮನೆಗೆ ಹೋಗಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುರ್ಚಿ ಬಿಟ್ಟು ಏಳಲಿಲ್ಲವಂತೆ. "ಸಾರ್, ಬಿಪಿ ಮಾತ್ರೆ ತಗೋಬಹುದಾ ಅಂತ ಅವನ್ನ ಕೇಳಿದೆ," ಅಂದರು. ಯಾರೂ ನಗಲಿಲ್ಲ. ಯಾಕೆ ಫೋನ್ ಇಡಲಿಲ್ಲ ಅಂತ ಯಾರೋ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾತಾಡ್ತಿರೋವಾಗ ಮಧ್ಯದಲ್ಲಿ ಇಡೋದು ಹೇಗೆ ಅಂತ," ಅಂದರು.

ನನಗೆ ಆ ಅರಿಶಿನದ ನೀರು ಕಣ್ಣಮುಂದೆ ಬಂತು.

95 ಸಾವಿರ ಮೊಬೈಲಿನಿಂದಲೇ ಹೋಯಿತು. ಎಫ್‌ಡಿ ಮುರಿಸಿ ಉಳಿದದ್ದನ್ನು ಕಳಿಸಲು ಬ್ಯಾಂಕಿಗೆ ಹೋದರು, ಫೋನು ಜೇಬಿನಲ್ಲಿ ಆನ್ ಇಟ್ಟುಕೊಂಡೇ. ಕೌಂಟರಿನ ಹುಡುಗಿ ಎರಡು ಸಲ ಯಾಕೆ ಅಂತ ಕೇಳಿದಳಂತೆ. ಮಗಳಿಗೆ ಸೈಟು ಅಂದರು. ಅವಳು ಫಾರಂ ನೋಡಿ, ಇವರ ಬೆವರು ನೋಡಿ, "ಸರ್ವರ್ ಡೌನ್ ಸಾರ್, ನಾಳೆ ಬನ್ನಿ," ಅಂದಳು. ಇವರಿಗೆ ಕೆಟ್ಟ ಕೋಪ. ನಾನು ಯಾರು ಗೊತ್ತಾ ಅಂತ ಕೂಗಾಡಿ ಮನೆಗೆ ಬಂದರು. ಸಾಯಂಕಾಲ ಮಗಳಿಗೆ ಫೋನಿನಲ್ಲಿ ಇವರ ದನಿ ಯಾಕೋ ಸರಿಯಿಲ್ಲ ಅನ್ನಿಸಿ, ಬಿಡದೆ ಕೇಳಿ, ಬಾಯಿ ಬಿಡಿಸಿದಳು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದಳು. ಹೋದದ್ದರಲ್ಲಿ ಸ್ವಲ್ಪ ಹಣವನ್ನು ತಡೆಹಿಡಿದಿದ್ದಾರಂತೆ.

ಅವತ್ತು ಸರ್ವರ್ ನಿಜವಾಗಿ ಡೌನ್ ಆಗಿತ್ತಾ? ಅವರು ಇನ್ನೂ ಹೋಗಿ ಕೇಳಿಲ್ಲ. ಕೇಳಲು ಮುಖವಿಲ್ಲ ಅಂದರು.

ಸಭೆ ಮುಗಿದ ಮೇಲೆ ಕ್ಯಾಮೆರಾ ಬೇಕು ಅಂತಲೇ ತೀರ್ಮಾನವಾಯಿತು. ಮನೆಗೆ ತಲಾ 1,200. ಸೊಪ್ಪಿನವಳು ಎಂದಿನಂತೆ ಬರಬಹುದು.

ಇನ್ನೊಂದು ವಿಷಯ ಸಭೆಯಲ್ಲಿ ಅರ್ಧಕ್ಕೇ ನಿಂತಿತು. ನನಗೆ ಅದೇ ಹೆಚ್ಚು ಕೊರೆಯುತ್ತಿದೆ. ಆಗಸ್ಟ್‌ನಲ್ಲಿ ಮೂರನೇ ಸಾಲಿನವರು ಬಚ್ಚಲಲ್ಲಿ ಜಾರಿ ಬಿದ್ದರಲ್ಲ, ಕೂಗಿದ್ದು ಪಕ್ಕದ ಮನೆಗೆ ಕೇಳಿಸಿತ್ತು. ಎಲ್ಲರೂ ಓಡಿದೆವು. ಆದರೆ ಒಳಗಿನಿಂದ ಮೇಲೊಂದು ಚಿಲಕ, ಕೆಳಗೊಂದು ಚಿಲಕ, ಸರಪಳಿ. ಬಡಗಿ ಬಂದು ಬಾಗಿಲು ಮುರಿಯುವವರೆಗೆ ಮುಕ್ಕಾಲು ಗಂಟೆ, ಅವರು ಒಳಗೆ ಹಸಿ ನೆಲದ ಮೇಲೆ, ನಾವು ಹೊರಗೆ ಜಗುಲಿಯ ಮೇಲೆ. ನನ್ನ ಬಾಗಿಲಿಗೂ ಅದೇ ಮೂರು ಇವೆ. ಏಳು ವರ್ಷದಲ್ಲಿ ಒಂದು ರಾತ್ರಿಯೂ ಹಾಕದೆ ಮಲಗಿಲ್ಲ. ಕಳ್ಳ ಬರುವುದು ಹೆಚ್ಚೋ, ನಾನು ಬೀಳುವುದು ಹೆಚ್ಚೋ? ನನ್ನ ಮಂಡಿಯನ್ನು ಕೇಳಿದರೆ ಅದು ಸರಿಯಾಗಿ ಹೇಳುತ್ತೆ.

ಏಳು ಗಂಟೆಗೆ ಹೊಸ್ತಿಲಿಗೆ ದೀಪ ಇಟ್ಟೆ. ಕಡೇ ಕಾರ್ತಿಕ ಸೋಮವಾರ ನಿನ್ನೆಗೆ ಮುಗಿಯಿತು, ಆದರೂ ಅಮಾವಾಸ್ಯೆವರೆಗೆ ಇಡುತ್ತೇನೆ. ಹಾಗೇ ಎದುರು ಮನೆಗೆ ಹೋಗಿ ಒಂದು ಕೀ ಕೊಟ್ಟು ಬಂದೆ. ಮ್ಯಾನೇಜರ್ ಹೆಂಡತಿ ಏನೂ ಕೇಳದೆ ಅರಿಶಿನ ಕುಂಕುಮದ ಡಬ್ಬಿಯ ಪಕ್ಕ ಇಟ್ಟುಕೊಂಡರು, ಅವರದೂ ಒಂದು ತಂದು ನನ್ನ ಕೈಗಿಟ್ಟರು. ಇವತ್ತು ಬೀಗ ಮಾತ್ರ, ಚಿಲಕ ಇಲ್ಲ. ಇದನ್ನು ಬರೆಯುವ ಮಧ್ಯೆ ಎರಡು ಸಲ ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟು ವಾಪಸ್ ಬಂದಿದ್ದೇನೆ.

ಆಮೇಲೆ ಕನ್ನಡಕ ಹಾಕಿಕೊಂಡು, ಟಾರ್ಚ್ ಹಿಡಿದು, ಒಲೆಯ ಕೆಳಗೆ ಬಗ್ಗಿ ಗ್ಯಾಸ್ ಪೈಪ್ ನೋಡಿದೆ. ಸರಸ್ವತಿಪುರಂನಿಂದ ಬರುವಾಗ ತಂದದ್ದು. ಮೇಲೆ ಅಚ್ಚಾಗಿರುವ ವರ್ಷ 2018. ರೆಗ್ಯುಲೇಟರ್ ಹತ್ತಿರ ಉಗುರಿನಷ್ಟು ಬಿರುಕು. ಹುಡುಗ ಐದು ನಿಮಿಷದಲ್ಲಿ ಮಾಡಿಕೊಡುತ್ತೇನೆ ಅಂದಿದ್ದ.

ರೆಗ್ಯುಲೇಟರ್ ಆಫ್ ಮಾಡಿದೆ. ಮಧ್ಯಾಹ್ನದ ಅವರೆಕಾಳು ಸಾರು ಫ್ರಿಜ್ಜಿನಲ್ಲಿ ತಣ್ಣಗಿತ್ತು, ಬಿಸಿ ಮಾಡಲು ಧೈರ್ಯ ಬರಲಿಲ್ಲ. ಮೊಸರನ್ನ, ಉಪ್ಪಿನಕಾಯಿ. ಅವನು ಬರುವುದು ಹತ್ತೂವರೆಗೆ. ಬೆಳಗಿನ ಕಾಫಿಗೆ ಎದುರು ಮನೆಯೇ ಗತಿ, ಕೀ ಹೇಗೂ ಇದೆ.