ಬಾಲ ನಮ್ಮ ಕಡೆಗೇ ಚಾಚಿದ್ದರೆ?

14 ಆಗಸ್ಟ್ 2023, ಸೋಮವಾರ ರಾತ್ರಿ

ಮೇಡಂ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ.

ಮತ್ತೆ ಎನ್‌ಜಿಸಿ 1265. ಪರ್ಸಿಯಸ್ ಅನ್ನುವ ಗ್ಯಾಲಕ್ಸಿಗಳ ಗುಚ್ಛದಲ್ಲಿರುವ ಆ ಗ್ಯಾಲಕ್ಸಿಯ ರೇಡಿಯೋ ಚಿತ್ರ ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ನಡುವಿನ ಕಪ್ಪುಕುಳಿಯ ಬಳಿಯಿಂದ ಎರಡು ಜೆಟ್‌ಗಳು, ಅಂದರೆ ರಭಸವಾಗಿ ಚಿಮ್ಮುವ ಕಣಗಳ ಧಾರೆಗಳು, ಎದುರುಬದುರಾಗಿ ಹೊರಡುತ್ತವೆ. ಸ್ವಲ್ಪ ದೂರ ಹೋಗುತ್ತಲೇ ಎರಡೂ ಒಂದೇ ಕಡೆಗೆ ಬಾಗಿ, ಒಂದೇ ಬಾಲವಾಗಿ ಕೂಡಿಕೊಳ್ಳುತ್ತವೆ. ಬಾಗಿಸುವುದು ಗುಚ್ಛದ ತುಂಬ ಹರಡಿರುವ ಬಿಸಿ ಅನಿಲ. ಕೋಟಿಗಟ್ಟಲೆ ಡಿಗ್ರಿ ಬಿಸಿ, ಆದರೆ ಒಂದು ಲೀಟರ್ ಜಾಗದಲ್ಲಿ ಕೆಲವೇ ಕಣಗಳು. ಇಷ್ಟು ತೆಳು ಅನಿಲ ಜೆಟ್ಟನ್ನೇ ಬಗ್ಗಿಸಬೇಕಾದರೆ ಗ್ಯಾಲಕ್ಸಿ ಅದನ್ನು ಎಷ್ಟು ಜೋರಾಗಿ ಸೀಳಿಕೊಂಡು ಹೋಗುತ್ತಿರಬೇಕು!

"ಜೆಟ್‌ಗಳು ಬಾಗಿದ ಕೋನ ಅಳೆದೆಯಾ?" ಅಂದರು ಮೇಡಂ.

"ಅಳೆದೆ ಮೇಡಂ."

"ಎಲ್ಲಿ ನಿಂತು?"

ನನಗೆ ಅರ್ಥ ಆಗಲಿಲ್ಲ. ಅವರು ಒಂದು ಪೇಪರ್ ಕ್ಲಿಪ್ ಬಿಡಿಸಿ ಕವೆಯ ಹಾಗೆ ಬಗ್ಗಿಸಿದರು. ಬುಡ ಬೆರಳಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ನಿಧಾನ ತಿರುಗಿಸಿದರು. ಅಗಲವಾಗಿದ್ದ ಕವೆ ಕಿರಿದಾಗುತ್ತಾ ಬಂತು. ಇನ್ನೂ ತಿರುಗಿಸಿದರು. ಒಂದೇ ಗೆರೆ. ತಂತಿ ಮಾತ್ರ ಹಾಗೇ ಇತ್ತು.

"ಆಕಾಶ ನಿನಗೆ ತಿರುಗಿಸಿ ತೋರಿಸಲ್ಲ" ಅಂದು ಕ್ಲಿಪ್ಪನ್ನು ನನ್ನ ಕೈಗೆ ಕೊಟ್ಟು ಹೋದರು.

ಎರಡು ವಾರ ಅಳೆದ ಕೋನಗಳು. ಮನಸ್ಸಿಗೆ ತುಂಬಾ ಬೇಜಾರಾಯಿತು.

ಗೊತ್ತಿರುವ ವೇಗ ಒಂದೇ ಅಲ್ವಾ? ಬೆಳಕಿನ ಕೆಂಪು ಸರಿತದಿಂದ, ಅಂದರೆ ದೂರ ಸರಿಯುವ ವಸ್ತುವಿನ ಬೆಳಕು ಕೆಂಪಿನ ಕಡೆಗೆ ಜರುಗುವುದರಿಂದ ಸಿಗುವುದು. ಗುಚ್ಛಕ್ಕೆ ಹೋಲಿಸಿದರೆ ಈ ಗ್ಯಾಲಕ್ಸಿ ಸೆಕೆಂಡಿಗೆ 2000 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ನಮ್ಮಿಂದ ದೂರ ಓಡುತ್ತಿದೆ. ದೂರ! ಅಂದರೆ ಬಾಲದ ಎಷ್ಟೋ ಪಾಲು ನಮ್ಮ ಕಡೆಗೇ ಚಾಚಿರಬಹುದು. ನಾನು ಇಷ್ಟು ದಿನ ಬಾಲದ ಉದ್ದ ಅಂತ ಬರೆದದ್ದು ಅದರ ನೆರಳಿನ ಉದ್ದ.

ಊಟ ಆದಮೇಲೆ ಮತ್ತೆ ಕೂತೆ. ಕಣ್ಣು ಉರಿಯುತ್ತಿದೆ, ಆದರೂ ಖುಷಿಯಾಗಿದ್ದೇನೆ. ಒಂದು ದಾರಿ ಹೊಳೆದಿದೆ. ಬಾಲದ ರೇಡಿಯೋ ಬೆಳಕು ಬರುವುದು ಅದರೊಳಗಿನ ಎಲೆಕ್ಟ್ರಾನ್‌ಗಳಿಂದ; ಹಿಂದೆ ಹಿಂದೆ ಹೋದಷ್ಟೂ ಅವು ಹಳೆಯವು. ಶಕ್ತಿ ಜಾಸ್ತಿ ಇದ್ದವು ಬೇಗ ಸೋಲುತ್ತವೆ, ಹಾಗಾಗಿ ಬಾಲ ಮೊದಲು ಹೆಚ್ಚಿನ ಆವರ್ತನದಲ್ಲಿ ಮಂಕಾಗುತ್ತದೆ. ಆ ಮಂಕಿನಿಂದ ವಯಸ್ಸು ಲೆಕ್ಕ ಹಾಕಬಹುದು. ಕಾಣುವ ಉದ್ದವನ್ನು ವಯಸ್ಸಿನಿಂದ ಭಾಗಿಸಿದರೆ ಅಡ್ಡ ದಿಕ್ಕಿನ ವೇಗ. ಎರಡು ವೇಗ ಸಿಕ್ಕರೆ ಬಾಲ ನಮ್ಮ ಕಡೆಗೆ ಎಷ್ಟು ವಾಲಿದೆ ಅನ್ನುವ ಓರೆಯೂ ಸಿಗುತ್ತದೆ.

ಆದರೆ ಬಾಲದೊಳಗೇ ಎಲ್ಲೋ ಎಲೆಕ್ಟ್ರಾನ್‌ಗಳಿಗೆ ಮತ್ತೆ ಶಕ್ತಿ ಸಿಕ್ಕಿದ್ದರೆ? ಆಗ ಮುದಿ ಬಾಲವೂ ಎಳೆಯದಾಗಿ ಕಾಣುತ್ತದೆ, ಅಡ್ಡ ವೇಗ ಇರುವುದಕ್ಕಿಂತ ಜಾಸ್ತಿ ಬರುತ್ತದೆ, ಮತ್ತೆ ಓರೆ...

ನಾಳೆ ಕಡಿಮೆ ಆವರ್ತನದ ಚಿತ್ರ ಮೊದಲು ತೆಗೆಯಬೇಕು. ಕ್ಲಿಪ್ ಇಲ್ಲೇ ಕೀಬೋರ್ಡ್ ಪಕ್ಕ ಇದೆ.