ಬಲದಿಂದ ಎಡಕ್ಕೆ ಓದಿದ ಬುದ್ಧ

ಒಸಾಕಾಕ್ಕೆ ಬಂದ ಮೂರನೆಯ ವರ್ಷ, ಜಪಾನಿ ಓದು ಸ್ವಲ್ಪ ಸುಧಾರಿಸಲಿ ಎಂದು ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗತೊಡಗಿದೆ. ಅಲ್ಲಿನ ಪುಸ್ತಕಗಳಲ್ಲಿ ಚೀನಾ ಮೂಲದ ಕಾಂಜಿ ಅಕ್ಷರದ ಪಕ್ಕದಲ್ಲೇ ಉಚ್ಚಾರಣೆಯನ್ನೂ ಸಣ್ಣದಾಗಿ ಮುದ್ರಿಸಿರುತ್ತಾರೆ. ನನ್ನಂಥ ಅರೆಗಲಿತವರಿಗೆ ಅದೇ ಊರುಗೋಲು. ಹಾಗೆ ಕೈಗೆ ಸಿಕ್ಕಿದ್ದು ಒಸಾಮು ತೆಜುಕಾ ಅವರ ‘ಬುದ್ಧ’. 1972ರಿಂದ 1983ರವರೆಗೆ ಧಾರಾವಾಹಿಯಾಗಿ ಬಂದು 14 ಸಂಪುಟಗಳಾದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ.

ಓದಬೇಕಾದದ್ದು ಬಲದಿಂದ ಎಡಕ್ಕೆ. ಅಭ್ಯಾಸಬಲದಿಂದ ಕಣ್ಣು ಮೊದಲು ಎಡದ ಚೌಕಕ್ಕೇ ಹೋಗಿ, ಮೊಲ ಬೆಂಕಿಗೆ ಹಾರಿದ ಮೇಲೆ ಬೆಂಕಿ ಹೊತ್ತಿಸಿದಂತಾಯಿತು! ಕಥೆ ಶುರುವಾಗುವುದೇ ಹಿಮದಲ್ಲಿ ಹಸಿದು ಬಿದ್ದ ಮುದುಕನೊಬ್ಬನಿಂದ. ಕರಡಿ ಮೀನು ತರುತ್ತದೆ, ನರಿ ಹಣ್ಣು ತರುತ್ತದೆ, ಏನೂ ಸಿಗದ ಮೊಲ ತನ್ನನ್ನೇ ಕೊಟ್ಟುಕೊಳ್ಳುತ್ತದೆ. ಮೂಲ ಜಾತಕ ಕಥೆಯಲ್ಲಿ ಶಕ್ರ ಆ ಮೊಲದ ಚಿತ್ರವನ್ನು ಚಂದ್ರನ ಮೇಲೆ ಬರೆಯುತ್ತಾನೆ. ಇಲ್ಲಿಯ ಮಕ್ಕಳ ಚಂದ್ರನಲ್ಲೂ ಮೊಲವಿದೆ. ಅದು ಒರಳಿನಲ್ಲಿ ಮೋಚಿ ಎಂಬ ಅಕ್ಕಿಯ ಕಡುಬು ಕುಟ್ಟುತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಹೆಸರುಗಳನ್ನು ಮಾತ್ರ ಗಟ್ಟಿಯಾಗಿ ಓದಿಯೇ ಗುರುತಿಸಬೇಕು. ದೇವದತ್ತ ‘ದೈಬಾದತ್ತಾ’ ಆಗಿದ್ದಾನೆ, ಬ್ರಾಹ್ಮಣ ‘ಬರಾಮೊನ್’, ಶೂದ್ರ ‘ಸೂದೊರಾ’.

ಸಿದ್ಧಾರ್ಥ ಹುಟ್ಟುವುದು ನೂರಾರು ಪುಟ ಕಳೆದ ಮೇಲೆ. ಅಲ್ಲಿಯವರೆಗೂ ಕಥೆ ಚಾಪ್ರಾ ಎಂಬ ಗುಲಾಮ ಹುಡುಗನದು. ಹುಟ್ಟನ್ನು ಮುಚ್ಚಿಟ್ಟು ಕೋಸಲದ ಸೇನಾಪತಿಯ ಮಗನಾಗುತ್ತಾನೆ. ಗುಟ್ಟು ರಟ್ಟಾದಾಗ ತಾಯಿ, ಮಗ ಇಬ್ಬರೂ ಸಾಯುತ್ತಾರೆ. ಬುದ್ಧನ ಕಥೆ ಎಂದು ಕೈಗೆತ್ತಿಕೊಂಡವನಿಗೆ ಇದು ಸುತ್ತುಬಳಸು ಎನ್ನಿಸಿತ್ತು. ಈಗ ಇದಿಲ್ಲದೆ ಮುಂದಿನದು ನಿಲ್ಲದು ಎನ್ನಿಸುತ್ತದೆ.

ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಬಾಲ್ಯದಲ್ಲೇ ಇದನ್ನು ಓದಿದವರು. ಊಟದ ವೇಳೆಯಲ್ಲಿ ಕೇಳಿದರು: “ಚಾಪ್ರಾ ನಿಜವಾಗಿ ಇದ್ದನೇ?”

ಇಲ್ಲ, ತೆಜುಕಾ ಅವರ ಕಲ್ಪನೆ ಎಂದೆ. ಆದರೆ ಮುಂದೆ ಬರುವ ರುರಿ ರಾಜಕುಮಾರ ಕಲ್ಪನೆಯಲ್ಲ, ನಮ್ಮ ವಿಡೂಡಭ. ಪಾಲಿ ವ್ಯಾಖ್ಯಾನಗಳಲ್ಲಿ ಅವನ ಕಥೆಯಿದೆ. ಬುದ್ಧನ ಕುಲದವರೇ ಆದ ಶಾಕ್ಯರು ದಾಸಿಯೊಬ್ಬಳ ಮಗಳನ್ನು ಕುಲೀನೆ ಎಂದು ನಂಬಿಸಿ ಕೋಸಲದ ರಾಜ ಪ್ರಸೇನಜಿತನಿಗೆ ಕೊಟ್ಟರು. ಅವಳ ಮಗ ಕಪಿಲವಸ್ತುವಿಗೆ ಬಂದು ಹೋದ ಮೇಲೆ, ಅವನು ಕೂತ ಮಣೆಯನ್ನು ಹಾಲು ಬೆರೆಸಿದ ನೀರಿನಿಂದ ತೊಳೆಸಿದರು. ಸುದ್ದಿ ಅವನ ಕಿವಿಗೆ ಬಿತ್ತು. ಮುಂದೆ ಶಾಕ್ಯರ ವಂಶವೇ ಉಳಿಯಲಿಲ್ಲ.

ಅವರು ಚಾಪ್‌ಸ್ಟಿಕ್ ಕೆಳಗಿಟ್ಟರು. “ಕೂತ ಜಾಗವನ್ನು ತೊಳೆಯುವುದೇ? ಅಂಥದ್ದನ್ನು ನೀವು ನೋಡಿದ್ದೀರಾ?”

ತೋಟದ ಕೆಲಸದವರು ಎದ್ದು ಹೋದ ಮೇಲೆ, ಅವರು ಕೂತಿದ್ದ ಜಗುಲಿಯ ತುದಿಗೆ ನಮ್ಮ ಅಜ್ಜಿ ಸೆಗಣಿ ನೀರು ಚಿಮುಕಿಸುತ್ತಿದ್ದಳು. ಚೊಂಬು ತಂದುಕೊಡುತ್ತಿದ್ದವನು ನಾನೇ. ಜಗುಲಿಗೆ ಜಪಾನಿಯಲ್ಲಿ ‘ಎಂಗಾವಾ’ ಎಂಬ ಪದವಿದೆ, ನನಗೆ ಗೊತ್ತಿತ್ತು. ಆದರೂ ಆ ಮಧ್ಯಾಹ್ನ, ಐದನೆಯ ಸಂಪುಟ ಗ್ರಂಥಾಲಯದಲ್ಲಿ ಸಿಗುತ್ತಿಲ್ಲ, ನಿಮ್ಮಲ್ಲಿದ್ದರೆ ಕೊಡಿ ಎಂದು ಮಾತು ತಿರುಗಿಸಿಬಿಟ್ಟೆ.